ಹಗ್ಗದ ಬಯಲಿನ ಅಡ್ಡಕಂಬಿ

ತೋಟದ ಗೋದಾಮಿನ ಮುಂದೆ ಎಷ್ಟೇ ಜೋಪಾನವಾಗಿ ಅಟ್ಟಿ ಕಟ್ಟಿದರೂ ಕಾಫಿ ಮೂಟೆಗಳು ಮೊದಲ ತಿರುವುಗಳಲ್ಲೇ ಮಿಸುಕಾಡಲು ಶುರುಮಾಡುತ್ತವೆ. ಹಣ್ಣಿನ ಸಿಪ್ಪೆ ಕಳೆದು ಒಣಗಿಸಿದ ಬೀಜಕ್ಕೆ, ನಮ್ಮ ಕಡೆ ಪಾರ್ಚ್‌ಮೆಂಟ್ ಎನ್ನುವ ಸರಕಿಗೆ, ಜಾರುವ ಗುಣವಿದೆ. ಲಾರಿ ಎಡಕ್ಕೆ ವಾಲಿದಾಗ ಒಂದು ಮೂಟೆ ಇನ್ನೊಂದರ ಸಂದಿಗೆ ಇಳಿಯುತ್ತದೆ, ಬಲಕ್ಕೆ ವಾಲಿದಾಗ ಮತ್ತೊಂದು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಡೀ ಹೇರು ತಗ್ಗಿ, ಅದರ ಮೇಲೆ ಎಳೆದು ಕಟ್ಟಿದ್ದ ಹಗ್ಗ ಸಡಿಲಾಗಿರುತ್ತದೆ. ಇದನ್ನು ಡ್ರೈವರುಗಳು 'ಲೋಡು ಕೂತಿತು' ಎನ್ನುತ್ತಾರೆ. ಲೋಡು ಕೂತ ಮೇಲೆ ಲಾರಿಯನ್ನು ಮಟ್ಟಸ ನೆಲದಲ್ಲಿ ನಿಲ್ಲಿಸಿ, ಸುತ್ತ ನಡೆದು, ಹಗ್ಗವನ್ನು ಇನ್ನೊಮ್ಮೆ ಬಿಗಿಯದೆ ಮುಂದೆ ಹೋಗುವಂತಿಲ್ಲ. ಹೋದರೆ ಮುಂದಿನ ಇಳಿಜಾರಿನಲ್ಲಿ ಹೇರು ಒಂದು ಬದಿಗೆ ಸರಿದು ಲಾರಿಯನ್ನೇ ಎಳೆದುಕೊಂಡುಬಿಡುತ್ತದೆ.

ಕಳಸದ ಕಡೆಯಿಂದ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ, ಬೀಜ ಹಸನುಮಾಡುವ ಕಾರ್ಖಾನೆಗೆ, ಕಾಫಿ ಹೊರುವ ಲಾರಿಗಳು ಹೀಗೆ ಹಗ್ಗ ಬಿಗಿಯಲು ನಿಲ್ಲುತ್ತಿದ್ದುದು ಒಂದೇ ಜಾಗದಲ್ಲಿ. ಆಲ್ದೂರು ಇನ್ನೂ ದೂರವಿರುವಾಗ, ಎರಡು ಕಡಿದಾದ ಇಳಿಜಾರುಗಳ ನಡುವೆ, ಗುಡ್ಡವೇ ಉಸಿರು ಬಿಟ್ಟಂತೆ ಸ್ವಲ್ಪ ಅಗಲವಾದ ನೆಲವಿದೆ. ಒಂದು ಬದಿಗೆ ಸಿಲ್ವರ್ ಓಕ್ ಮರಗಳ ಬೇಲಿ, ಇನ್ನೊಂದು ಬದಿಗೆ ಕಣಿವೆ. ಕಂದಾಯದ ಲೆಕ್ಕದಲ್ಲಿ ಅದಕ್ಕೆ ಏನು ಹೆಸರಿದೆಯೋ ನನಗೆ ಗೊತ್ತಿಲ್ಲ. ಡ್ರೈವರುಗಳ ಬಾಯಲ್ಲಿ ಅದು ಹಗ್ಗದ ಬಯಲು. ಅಪ್ಪ ತನ್ನ ಲಾರಿಯನ್ನು ಅಲ್ಲಿ ನಿಲ್ಲಿಸಿ ಹಗ್ಗ ಬಿಗಿಯುತ್ತಿದ್ದ, ಬ್ರೇಕ್ ಡ್ರಮ್ಮು ತಣಿಯುವವರೆಗೆ ನೆಲದ ಮೇಲೆ ಟವೆಲು ಹಾಸಿ ಅಡ್ಡಾಗುತ್ತಿದ್ದ. ಶಾಲೆಯ ರಜೆಗಳಲ್ಲಿ ನಾನು ಅವನ ಪಕ್ಕದ ಸೀಟಿನಲ್ಲಿ ಬೆಳೆದವಳು. ಎಂ.ಎ. ಮುಗಿಸಿ ಮರಳಿದ ಮೇಲೂ ಕೊಯ್ಲಿನ ತಿಂಗಳುಗಳಲ್ಲಿ ಆ ಸೀಟು ನನ್ನದೇ ಆಗಿತ್ತು.

ಆ ಬಯಲನ್ನು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನಮ್ಮಿಂದ ಕಿತ್ತುಕೊಳ್ಳಲಾಯಿತು. ಕಿತ್ತುಕೊಂಡವರು ಅದಕ್ಕೆ ಇಟ್ಟ ಹೆಸರು 'ಪ್ರಯಾಣಿಕರ ವಿಶ್ರಾಂತಿ ತಾಣ'.

ಮಳೆ ನಿಂತು ಹಣ್ಣು ಕೆಂಪಾದಾಗ, ಆ ಹಂಗಾಮಿನ ಮೊದಲ ಲೋಡಿನೊಂದಿಗೆ ಅಲ್ಲಿಗೆ ಬಂದೆವು. ಬಯಲಿನ ತುಂಬ ಬಣ್ಣದ ಇಂಟರ್‌ಲಾಕ್ ಕಲ್ಲು ಹಾಸಿತ್ತು. ಕಣಿವೆಯ ಅಂಚಿಗೆ ಉಕ್ಕಿನ ಕಟಕಟೆ, ಫೋಟೋ ತೆಗೆಸಿಕೊಳ್ಳಲು ಹೃದಯದ ಆಕಾರದ ಚೌಕಟ್ಟು, ನಟ್ಟನಡುವೆ ಆಳೆತ್ತರದ ಸಿಮೆಂಟಿನ ಕಾಫಿ ಕಪ್ಪು. ಹಿಂಬದಿಯ ದಿಬ್ಬದ ಮೇಲೆ ಶೌಚಾಲಯದ ಕಟ್ಟಡ, ಅದರ ಬಾಗಿಲಿಗೆ ಬೀಗ. ಇವೆಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆದದ್ದು ಪ್ರವೇಶದಲ್ಲಿ ಎರಡು ಕಂಬಗಳ ಮೇಲೆ ಮಲಗಿಸಿದ್ದ ಹಳದಿ ಕಪ್ಪು ಪಟ್ಟೆಯ ಕಬ್ಬಿಣದ ಅಡ್ಡಕಂಬಿ. ಕಾರು ಅದರ ಕೆಳಗೆ ಸರಾಗವಾಗಿ ನುಸುಳುತ್ತದೆ, ಜೀಪೂ ನುಸುಳುತ್ತದೆ. ಲಾರಿಯ ತಲೆ ಅದಕ್ಕೆ ಬಡಿಯುತ್ತದೆ. ಬಡಿಯಲೆಂದೇ ಅಷ್ಟು ಎತ್ತರಕ್ಕೆ ಕಟ್ಟಿದ್ದರು.

ಅಪ್ಪ ಎಂಜಿನ್ ಆರಿಸದೆ ಕಂಬಿಯನ್ನು ನೋಡುತ್ತ ಕೂತ. ಖಾಕಿ ಅಂಗಿಯ ಕಾವಲುಗಾರ ಒಳಗಿನಿಂದ ಕೈಬೀಸಿದ. "ಲಾರಿಗಿಲ್ಲ ಅಣ್ಣ, ಮುಂದೆ ಹೋಗಿ."

"ಮುಂದೆ ಎಲ್ಲಿಗೆ ಮಾರಾಯ? ಮುಂದೆ ಬರೀ ಇಳಿಜಾರು ಉಂಟಲ್ಲ!"

"ನಂಗೆ ಹೇಳಿದ್ದು ಅಷ್ಟೇ. ನಾನೆಂತ ಮಾಡ್ಲಿ?"

ಅಪ್ಪ ಮುಂದೆ ಹೋದ. ಹೋಗದೆ ಬೇರೆ ದಾರಿಯಿರಲಿಲ್ಲ, ಹಿಂದೆ ಕಾರುಗಳ ಹಾರ್ನ್ ಶುರುವಾಗಿತ್ತು. ಒಂದು ತಿರುವು ದಾಟಿ, ರಸ್ತೆಯ ಅಂಚಿಗೆ ಒತ್ತಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಗ್ಗಕ್ಕೆ ಕೈಹಾಕಿದ. ಹಗ್ಗ ಬಿಗಿಯುವವನು ಒಂದು ಕಾಲನ್ನು ಚಕ್ರಕ್ಕೆ ಒತ್ತಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಎಳೆಯಬೇಕು. ಹಾಗೆ ಎಳೆಯುವಾಗ ಅಪ್ಪನ ಬೆನ್ನು ರಸ್ತೆಯ ಕಡೆಗೆ ಚಾಚಿತ್ತು. ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದ ನನಗೆ ತಿರುವಿನಿಂದ ಜೀಪೊಂದು ನುಗ್ಗಿದ್ದು ಕಾಣಿಸಿತು. ಕೂಗಿದೆ. ಅಪ್ಪ ಹಗ್ಗ ಬಿಟ್ಟು ಮೂಟೆಗಳಿಗೆ ಅಂಟಿಕೊಂಡ. ಜೀಪಿನ ಕನ್ನಡಿ ಅವನ ಮೊಣಕೈಗೆ ಬಡಿದು ಮಡಚಿಕೊಂಡಿತು. ಜೀಪಿನವನು ಮುಂದೆ ಹೋಗಿ ನಿಲ್ಲಿಸಿ, ತಲೆ ಹೊರಗೆ ಹಾಕಿ, "ರಸ್ತೆ ನಿಮ್ಮಪ್ಪಂದಾ?" ಎಂದು ಕಿರುಚಿ ಹೊರಟುಹೋದ.

ಮೊಣಕೈ ಊದಿಕೊಂಡಿದ್ದರೂ ಅಪ್ಪ ನಗುತ್ತಲೇ ಹತ್ತಿ ಕೂತ. "ಅವ ಕೇಳಿದ್ದು ಸರಿ ಇದೆ ಮಗಳೇ. ನಮ್ಮಪ್ಪಂದಾಗಿದ್ರೆ ಇನ್ನೊಂಚೂರು ಅಗಲ ಮಾಡ್ಸಿರ್ತಿದ್ದ."

ನನಗೆ ನಗು ಬರಲಿಲ್ಲ. ಕೊಯ್ಲು ಮುಗಿಯುವವರೆಗೆ ಅಪ್ಪ ಪ್ರತಿ ಲೋಡಿಗೂ ಈ ತಿರುವಿನಲ್ಲಿ ಬೆನ್ನು ಕೊಟ್ಟು ನಿಲ್ಲಬೇಕು. ಅವನಂತೆಯೇ ಉಳಿದ ಡ್ರೈವರುಗಳೂ. ಎಲ್ಲ ಜೀಪುಗಳ ಕನ್ನಡಿಯೂ ಮಡಚಿಕೊಳ್ಳುವುದಿಲ್ಲ. ಹಗ್ಗದ ಬಯಲು ಮತ್ತೆ ಲಾರಿಗಳಿಗೆ ಸಿಗಬೇಕು, ಇಲ್ಲವಾದರೆ ಒಂದು ದಿನ ಈ ರಸ್ತೆ ಅಪ್ಪನನ್ನು ತೆಗೆದುಕೊಳ್ಳುತ್ತದೆ. ಇಷ್ಟು ಸರಳವಾದ ವಿಷಯವನ್ನು ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆಂದು ನಂಬಿ, ಮರುದಿನವೇ ಆ ತಾಣವನ್ನು ಕಟ್ಟಿಸಿದ ಇಲಾಖೆಯ ಕಚೇರಿಗೆ ಹೋದೆ.

ಎಂಜಿನಿಯರ್ ಸಭ್ಯರು. ಕುರ್ಚಿ ತೋರಿಸಿದರು, ಚಹಾ ತರಿಸಿದರು. ನಾನು ಕಂಬಿಯ ಮಾತೆತ್ತಿದಾಗ ಅವರ ಮುಖದಲ್ಲಿ ಕಂಡದ್ದು ಕೋಪವಲ್ಲ, ಅಪ್ಪಟ ಆಶ್ಚರ್ಯ. "ಅಲ್ಲಮ್ಮ, ಅದು ಪ್ರವಾಸಿಗರಿಗೆ ಅಂತ ಮಾಡಿದ್ದು. ಲಾರಿಯವರು ಬಂದು ನಿಲ್ಲಿಸಿಕೊಂಡರೆ ಫ್ಯಾಮಿಲಿಗಳು ಬರೋದು ಹೇಗೆ? ಎಣ್ಣೆ ಸೋರುತ್ತೆ, ಬೀಡಿ ಸೇದ್ತಾರೆ, ಕಲ್ಲೆಲ್ಲ ಹಾಳು."

"ಹಾಗಾದರೆ ಲಾರಿಗಳು ಎಲ್ಲಿ ನಿಲ್ಲಬೇಕು ಸರ್?"

"ಅದು ನಮ್ಮ ವ್ಯಾಪ್ತಿಗೆ ಬರಲ್ಲ."

"ಕಂಬಿ ಹಾಕಿಸಿದ್ದು ಯಾರು?"

"ಡಿಸೈನಲ್ಲೇ ಇತ್ತು."

"ಡಿಸೈನ್ ಮಾಡಿದ್ದು?"

"ಮೇಲಿನಿಂದ ಬಂದಿದ್ದು."

ಅವರ ಮೇಲೆ ಎಷ್ಟು ಮಹಡಿಗಳಿವೆಯೋ, ಪ್ರತಿಯೊಂದರಲ್ಲೂ ಇದೇ ಉತ್ತರ ಕಾದಿರುತ್ತದೆಂದು ನನಗೆ ಅಲ್ಲಿ ಕೂತೇ ತಿಳಿಯಿತು. ಏಳುವಾಗ ಶೌಚಾಲಯಕ್ಕೆ ಬೀಗವೇಕೆ ಎಂದು ಕೇಳಿದೆ. ಹೆಣ್ಣುಮಕ್ಕಳಿಗೆ ಈ ದಾರಿಯಲ್ಲಿ ಕಾಫಿ ಗಿಡದ ಮರೆಯೇ ಗತಿ ಎಂಬುದನ್ನು ನಾನು ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ. "ಬೋರ್ ಫೇಲಾಯಿತಮ್ಮ, ನೀರಿಲ್ಲ. ಟ್ಯಾಂಕರಿಗೆ ಹೇಳಿದೀವಿ," ಎಂದರು.

ರಸ್ತೆ ಬದಿಯಲ್ಲಿ ವಿಶ್ರಾಂತಿ ತಾಣ ಕಟ್ಟುವವರು ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು ಈ ರಸ್ತೆಯಲ್ಲಿ ದಣಿಯುವವರು ಯಾರು ಎಂದು. ಹೋಂ ಸ್ಟೇಯಿಂದ ಹೋಂ ಸ್ಟೇಗೆ ಹೋಗುವ ಕಾರಿನವರು ದಣಿಯುವುದಿಲ್ಲವೆಂದು ನಾನು ಹೇಳಲಾರೆ. ಅವರ ಮಕ್ಕಳಿಗೆ ವಾಂತಿಯಾಗುತ್ತದೆ, ಅವರಿಗೂ ನಿಲ್ಲಲು ಜಾಗ ಬೇಕು. ಆದರೆ ಅವರಿಗೆ ಜಾಗ ಮಾಡಿಕೊಡಲು ಲಾರಿಯವರನ್ನು ತಿರುವಿಗೆ ತಳ್ಳಬೇಕೆಂದು ಯಾವ ಶಾಸ್ತ್ರ ಹೇಳುತ್ತದೆ? ಬಯಲು ಇಬ್ಬರಿಗೂ ಸಾಲುವಷ್ಟಿತ್ತು. ಸಾಲದೆ ಹೋದದ್ದು ಕಟ್ಟಿಸಿದವರ ಕಣ್ಣು. ಸಿಮೆಂಟಿನ ಕಪ್ಪಿಗೆ ಅಲ್ಲಿ ಪೀಠವಿದೆ, ನಿಜವಾದ ಕಪ್ಪುಗಳಿಗೆ ಕಾಫಿ ಹೊರುವವನಿಗೆ ನಿಲ್ಲಲು ನೆಲವಿಲ್ಲ. ಇದನ್ನು ನಾನು ಅರ್ಜಿಯಲ್ಲಿ ಬರೆದೆ, ಜನಸ್ಪಂದನ ಸಭೆಯಲ್ಲಿ ಎದ್ದು ನಿಂತು ಓದಿದೆ. ಸಭೆಯವರು ಚಪ್ಪಾಳೆ ತಟ್ಟಿದರು. ಅರ್ಜಿ ಯಾರದೋ ಕೈಯಿಂದ ಯಾರದೋ ಕೈಗೆ ದಾಟಿತು. ಅಪ್ಪ ಅದೇ ತಿರುವಿನಲ್ಲಿ ಹಗ್ಗ ಬಿಗಿಯುತ್ತಲೇ ಇದ್ದ. ನಾನು ಈಗ ಕ್ಯಾಬಿನ್ನಿನಲ್ಲಿ ಕೂರುತ್ತಿರಲಿಲ್ಲ. ಕೆಂಪು ಬಟ್ಟೆ ಹಿಡಿದು ತಿರುವಿನ ತುದಿಯಲ್ಲಿ ನಿಂತು ವಾಹನಗಳಿಗೆ ಬೀಸುತ್ತಿದ್ದೆ.

"ನಿನ್ನ ಎಂ.ಎ.ಗೆ ಕೊನೆಗೂ ಒಂದು ಕೆಲ್ಸ ಸಿಕ್ತು ನೋಡು," ಎಂದ ಅಪ್ಪ.

"ಸಂಬಳ ಕೊಡು ಹಾಗಾದ್ರೆ."

"ಮೇಲಿನಿಂದ ಬರ್ಬೇಕಲ್ಲ!"

ಬಯಲು ತೆರೆದದ್ದು ನನ್ನ ಅರ್ಜಿಯಿಂದಲ್ಲ. ಕಟ್ಟಿದವರ ಲೆಕ್ಕ ಎಲ್ಲಿ ತಪ್ಪಿತ್ತೋ ಅಲ್ಲಿಂದ.

ಯಾರೋ ಹಿರಿಯ ಅಧಿಕಾರಿಗಳು ತಾಣವನ್ನು ನೋಡಲು ಬರುವವರಿದ್ದರು. ಅವರು ಬಂದಾಗ ಶೌಚಾಲಯಕ್ಕೆ ಬೀಗವಿದ್ದರೆ ಚೆನ್ನಾಗಿರುವುದಿಲ್ಲವೆಂದು ಎಂಜಿನಿಯರಿಗೆ ಹೊಳೆದಿರಬೇಕು, ಆ ಬೆಳಿಗ್ಗೆ ನೀರಿನ ಟ್ಯಾಂಕರ್ ಬಂತು. ನಾವು ಲೋಡಿನೊಂದಿಗೆ ಇಳಿಯುತ್ತ ಬಯಲಿನ ಬಳಿಗೆ ಬಂದಾಗ ಅದು ರಸ್ತೆಗೆ ಅಡ್ಡಲಾಗಿ, ಪ್ರವೇಶದಲ್ಲಿ ಮೂತಿ ತೂರಿಸಿ ನಿಂತಿತ್ತು. ನೀರಿನ ಟ್ಯಾಂಕರೆಂದರೆ ಬೆನ್ನ ಮೇಲೆ ತೊಟ್ಟಿ ಹೊತ್ತ ಲಾರಿಯೇ. ಲಾರಿಯನ್ನು ತಡೆಯಲು ಹಾಕಿದ ಕಂಬಿ ಅದನ್ನೂ ತಡೆದಿತ್ತು. ಇಲಾಖೆ ಪ್ರವಾಸಿಗರಿಗೆಂದು ಕಟ್ಟಿದ ಶೌಚಾಲಯಕ್ಕೆ ಇಲಾಖೆಯೇ ನೀರು ಒಯ್ಯದಂತೆ ಇಲಾಖೆಯೇ ಬೇಲಿ ಹಾಕಿಕೊಂಡಿತ್ತು.

ಕಂಬಿಯ ಕೆಳಗೆ ಎಂಜಿನಿಯರ್, ಕಾವಲುಗಾರ ಮತ್ತು ಟ್ಯಾಂಕರಿನ ಡ್ರೈವರ್ ನಿಂತು ಮೇಲೆ ನೋಡುತ್ತಿದ್ದರು.

"ಪೈಪ್ ಎಳೆದುಬಿಡು ಮಾರಾಯ, ಇಲ್ಲಿಂದಲೇ," ಎಂದ ಕಾವಲುಗಾರ.

"ನನ್ನ ಪೈಪು ಎಲ್ಲಿ, ನಿನ್ನ ದಿಬ್ಬ ಎಲ್ಲಿ! ಅಲ್ಲಿಗೆ ಮುಟ್ಬೇಕಾದ್ರೆ ನಾನು ಆ ಕಪ್ಪಿನ ಹತ್ರ ಹೋಗಿ ನಿಲ್ಲಿಸ್ಬೇಕು," ಎಂದ ಟ್ಯಾಂಕರಿನವನು. "ಬಿಂದಿಗೆ ತಗಂಡು ಹೊರ್ತೀರಾ? ಹೊತ್ಕಳ್ಳಿ, ನಾನು ತುಂಬಿಸಿ ಕೊಡ್ತೀನಿ."

ಎಂಜಿನಿಯರ್ ಕಂಬಿ ಬಿಚ್ಚಲು ಹೇಳಿದರು. ಮಳೆ ತಿಂದ ಬೋಲ್ಟುಗಳು ತುಕ್ಕು ಹಿಡಿದಿದ್ದವು, ಕಾವಲುಗಾರನ ಬಳಿ ಸ್ಪ್ಯಾನರ್ ಇರಲಿಲ್ಲ. ಎಲ್ಲರೂ ಏಕಕಾಲಕ್ಕೆ ಅಪ್ಪನ ಲಾರಿಯತ್ತ ತಿರುಗಿದರು. ಅಪ್ಪ ಸೀಟಿನ ಅಡಿಯಿಂದ ಸ್ಪ್ಯಾನರೂ ಒಂದಿಷ್ಟು ಗ್ರೀಸೂ ತೆಗೆದು, ಮದುವೆ ಮನೆಯಲ್ಲಿ ತಾಂಬೂಲ ಕೊಡುವವನ ಗಾಂಭೀರ್ಯದಿಂದ ಕೊಟ್ಟ. "ತಗಳ್ಳಿ ಸರ್. ಎಷ್ಟು ಹೊತ್ತು ಬೇಕಾದ್ರೂ ಇಟ್ಕಳ್ಳಿ."

ಅಷ್ಟರಲ್ಲಿ ನಮ್ಮ ಹಿಂದೆ ಇನ್ನೊಂದು ಕಾಫಿ ಲಾರಿ ಬಂದು ನಿಂತಿತು. ಅದರ ಡ್ರೈವರ್ ಮಲ್ಲಂದೂರಿನವನು, ಅಪ್ಪನಿಗಿಂತ ಕಿರಿಯ, ಬಾಯಿ ಜೋರು. ಅವನೂ ಇಳಿದು ಕಂಬಿಗೆ ಭುಜ ಕೊಟ್ಟ. ಅದು ಕಳಚಿ ಹುಲ್ಲಿನ ಮೇಲೆ ಬಿದ್ದಾಗ ಅವನೇ ಎಲ್ಲರಿಗಿಂತ ಜೋರಾಗಿ ಸಿಳ್ಳೆ ಹಾಕಿದ. ಟ್ಯಾಂಕರ್ ಒಳಗೆ ಹೋಯಿತು. ಅಪ್ಪ ನನ್ನ ಕಡೆ ನೋಡಿದ. ನಾನೂ ಅವನ ಕಡೆ ನೋಡಿದೆ. ಅವನು ಗೇರು ಹಾಕಿ, ಟ್ಯಾಂಕರಿನ ಹಿಂದೆಯೇ ನಮ್ಮ ಲಾರಿಯನ್ನು ಬಯಲಿನೊಳಗೆ ನಡೆಸಿದ.

"ಏಯ್ ಏಯ್, ಟ್ಯಾಂಕರಿಗೆ ಮಾತ್ರ!" ಕಾವಲುಗಾರ ಓಡಿ ಬಂದ.

"ನಂದೂ ಆರು ಚಕ್ರ, ಅವಂದೂ ಆರು ಚಕ್ರ. ವ್ಯತ್ಯಾಸ ಎಂತ?" ಎನ್ನುತ್ತ ಅಪ್ಪ ಇಳಿದು ಹಗ್ಗಕ್ಕೆ ಕೈಹಾಕಿದ. ಮಲ್ಲಂದೂರಿನವನೂ ಒಳಗೆ ಬಂದು ಪಕ್ಕದಲ್ಲೇ ನಿಲ್ಲಿಸಿದ.

ಎಂಜಿನಿಯರ್ ಅವರೊಡನೆ ವಾದಿಸಲಿಲ್ಲ, ನನ್ನ ಬಳಿಗೆ ಬಂದರು. "ನೀವು ಓದಿದವರು. ಹೇಳಿ ಇವರಿಗೆ. ನೀರು ತುಂಬಿದ ಕೂಡಲೇ ಕಂಬಿ ವಾಪಸ್ ಹಾಕ್ಬೇಕು, ಅಷ್ಟರಲ್ಲಿ ಹೊರಡಿ."

"ನಾಳೆ ನೀರು ಖಾಲಿಯಾದಾಗ ಮತ್ತೆ ಬಿಚ್ಚುತ್ತೀರಾ ಸರ್?"

"ಅದು ನಾಳೆ ನೋಡೋಣ."

"ನಮ್ಮ ಅಪ್ಪ ಇವತ್ತೇ ನೋಡಬೇಕು. ನಿಮ್ಮ ಕಂಬಿ ಮತ್ತೆ ಮೇಲೇರಿದರೆ ಅವರು ಆ ತಿರುವಿನಲ್ಲಿ ರಸ್ತೆಗೆ ಬೆನ್ನು ಹಾಕಿ ನಿಲ್ಲಬೇಕು. ಬನ್ನಿ, ತೋರಿಸುತ್ತೇನೆ. ಒಂದು ಸಲ ನೀವೇ ಅಲ್ಲಿ ನಿಂತು ನೋಡಿ."

ಅವರು ಬರಲಿಲ್ಲ. ಲಾರಿ ಒಳಗಿರುವಾಗ ಕಂಬಿ ಏರಿಸಿದರೆ ಲಾರಿ ಒಳಗೇ ಸಿಕ್ಕಿಬೀಳುತ್ತದೆ, ಹಿರಿಯ ಅಧಿಕಾರಿಗಳಿಗೆ ಕಪ್ಪಿನ ಪಕ್ಕದಲ್ಲಿ ಪಾರ್ಚ್‌ಮೆಂಟ್ ಲಾರಿಯ ದರ್ಶನವಾಗುತ್ತದೆ. ಈ ಸತ್ಯ ಅವರಿಗೂ ನಮಗೂ ಒಟ್ಟಿಗೇ ಹೊಳೆದದ್ದು. ಅದನ್ನು ಬಾಯಿಬಿಟ್ಟು ಹೇಳಿದವನು ಮಲ್ಲಂದೂರಿನ ಡ್ರೈವರ್. "ಅಣ್ಣ, ನೀವು ಹೊರಡಿ, ನಾನು ಕೂರ್ತೀನಿ. ಹಿಂದಿಂದ ಇನ್ನೊಬ್ಬ ಬರೋ ತನಕ ನಾನು ಏಳಲ್ಲ. ಅವ ಬಂದ್ರೆ ಅವ ಕೂರ್ಲಿ. ನಾಟಿ ಕೋಳಿ ಕಾವಿಗೆ ಕೂತ ಹಾಗೆ, ಒಬ್ಬರಾದ ಮೇಲೆ ಒಬ್ರು."

"ಮೊಟ್ಟೆ ಎಂತದು ಮತ್ತೆ?" ಎಂದ ಟ್ಯಾಂಕರಿನವನು.

"ಆ ಕಪ್ಪು ಉಂಟಲ್ಲ, ಅದೇ!"

ಕೊಯ್ಲಿನ ಕಾಲದಲ್ಲಿ ಆ ರಸ್ತೆಯಲ್ಲಿ ಕಾಫಿ ಲಾರಿಗಳಿಗೆ ಬರವಿಲ್ಲ. ಎದುರಾದ ಪ್ರತಿ ಲಾರಿಗೂ ಅಪ್ಪ ದೀಪ ಮಿನುಗಿಸಿ, ವೇಗ ತಗ್ಗಿಸಿ, ಒಂದೇ ಮಾತು ಹೇಳಿದ: "ಬಯಲು ಬಿಟ್ಟಿದೆ. ಇನ್ನೊಬ್ಬ ಬರದೆ ಎದ್ದು ಹೋಗ್ಬೇಡಿ." ಖಾಲಿ ಹೋಗುವ ಲಾರಿಗಳು ಆ ಸುದ್ದಿಯನ್ನು ಕಳಸದವರೆಗೆ ಒಯ್ದವು. ಅಲ್ಲಿಂದ ಲೋಡಿನೊಂದಿಗೆ ಇಳಿದವರು ಅದನ್ನು ಪಾಲಿಸಿದರು. ಸಂಘವಿರಲಿಲ್ಲ, ಸಭೆ ಸೇರಲಿಲ್ಲ, ಯಾರೂ ಮುಖಂಡನಾಗಲಿಲ್ಲ. ಹಗ್ಗ ಬಿಗಿದು ಮುಗಿಸಿದವನು ಮೇಲಿನ ತಿರುವಿನಲ್ಲಿ ಎಂಜಿನ್ನಿನ ಸದ್ದು ಕೇಳುವವರೆಗೆ, ರಾತ್ರಿಯಾದರೆ ಬೆಳಗಿನವರೆಗೂ, ಕೂತಿರುತ್ತಿದ್ದ, ಅಷ್ಟೆ. ಹಿರಿಯ ಅಧಿಕಾರಿಗಳು ಬಂದರಂತೆ, ಶೌಚಾಲಯ ನೋಡಿ ಸಂತೋಷಪಟ್ಟರಂತೆ, ಲಾರಿಗಳ ಬಗ್ಗೆ ಕೇಳಿದಾಗ ಅವು ಬೇಗನೆ ಹೋಗುತ್ತವೆ ಎಂದು ಎಂಜಿನಿಯರ್ ಹೇಳಿದರಂತೆ. ಅದು ಸುಳ್ಳಲ್ಲ. ಪ್ರತಿ ಲಾರಿಯೂ ಬೇಗನೆ ಹೋಗುತ್ತಿತ್ತು.

ಒಂದು ಭಾನುವಾರ ಶೌಚಾಲಯದಿಂದ ಹೊರಬಂದ ಹೆಂಗಸೊಬ್ಬರು, ಒಳ್ಳೆಯ ಸೀರೆ, ಕೂಲಿಂಗ್ ಗ್ಲಾಸು, ನನ್ನನ್ನೂ ಪ್ರವಾಸಿಯೆಂದೇ ತಿಳಿದು ಪಿಸುಗುಟ್ಟಿದರು. "ಈ ಲಾರಿಯವರನ್ನೆಲ್ಲ ಯಾಕೆ ಬಿಡ್ತಾರೋ. ಹೆಣ್ಣುಮಕ್ಕಳು ಓಡಾಡೋ ಜಾಗ."

"ನೀವು ಈಗ ಕೈ ತೊಳೆದ ನೀರು ಲಾರಿಯಲ್ಲೇ ಬಂದದ್ದು," ಎಂದೆ. "ಅಲ್ಲಿ ಟವೆಲು ಹಾಸಿ ಮಲಗಿರುವವರು ನನ್ನ ಅಪ್ಪ."

ಅವರು ಅಪ್ಪನನ್ನು ನೋಡಿದರು, ನನ್ನನ್ನು ನೋಡಿದರು. ಕ್ಷಮೆ ಕೇಳಲಿಲ್ಲ, ಜಗಳಕ್ಕೂ ಬರಲಿಲ್ಲ. ಕಾರಿಗೆ ಹೋಗಿ ಗಂಡನಿಗೆ ಏನೋ ಹೇಳಿದರು. ಗಂಡ ಕಾರನ್ನು ಲಾರಿಯಿಂದ ದೂರಕ್ಕೆ ತೆಗೆದು ನಿಲ್ಲಿಸಿದ. ಅದಕ್ಕೂ ಬಯಲಿನಲ್ಲಿ ಜಾಗವಿತ್ತು.

ಕೊಯ್ಲು ಮುಗಿಯುತ್ತ ಬಂದಂತೆ ಭಯ ಶುರುವಾಯಿತು. ಲೋಡುಗಳು ಕಡಿಮೆಯಾದವು, ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವಿನ ಹೊತ್ತು ಹಿಗ್ಗಿತು. ಕಳಚಿದ ಕಂಬಿ ಇನ್ನೂ ಅಲ್ಲೇ ಹುಲ್ಲಿನ ಮೇಲೆ ಮಲಗಿತ್ತು. ಬಯಲು ಖಾಲಿಯಾಗುವ ಒಂದು ಗಳಿಗೆಗಾಗಿ ಅದು ಕಾಯುತ್ತಿದೆಯೆಂದು ನನಗನಿಸುತ್ತಿತ್ತು. ಆ ಗಳಿಗೆ ಬಂದರೆ ಮುಂದಿನ ಹಂಗಾಮಿಗೆ ಅಪ್ಪನ ಬೆನ್ನು ಮತ್ತೆ ರಸ್ತೆಗೆ.

ಹಾಗೆ ಒಂದು ಮಧ್ಯಾಹ್ನ ಬಯಲಿನಲ್ಲಿ ನಮ್ಮದೊಂದೇ ಲಾರಿಯಿತ್ತು. ಹಗ್ಗ ಬಿಗಿದು ಎಷ್ಟೋ ಹೊತ್ತಾಗಿತ್ತು, ಮೇಲಿನಿಂದ ಯಾರೂ ಬರಲಿಲ್ಲ. ಬಂದದ್ದು ಇಲಾಖೆಯ ಜೀಪು. ಕೆಲಸದವರು ಹೊಸ ಬೋಲ್ಟುಗಳೊಂದಿಗೆ ಇಳಿದು ಕಂಬಿಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತರು. ಅವರ ಮೇಸ್ತ್ರಿ ಅಪ್ಪನ ಬಳಿ ಬಂದ. "ನೀವು ಯಾವಾಗ ಹೊರಡ್ತೀರಿ ಅಣ್ಣ?"

"ಇನ್ನೊಬ್ಬ ಬಂದ್ಮೇಲೆ."

"ಇನ್ನೊಬ್ಬ ಬರ್ದಿದ್ರೆ?"

"ಮಳೆ ಬರುತ್ತೆ. ಅದು ಬಂದ್ಮೇಲೆ ನೋಡುವ."

ಮೇಸ್ತ್ರಿ ಫೋನು ಮಾಡಿದ. ಸ್ವಲ್ಪ ಹೊತ್ತಿನಲ್ಲಿ ಎಂಜಿನಿಯರೇ ಬಂದರು, ಮುಖ ಬಿಸಿಲಿಗೆ ಕೆಂಪಾಗಿತ್ತು. ನನ್ನನ್ನು ಕಂಡು ಕೈಯೆತ್ತಿದರು. "ಅಮ್ಮ, ದಯವಿಟ್ಟು. ಕ್ಯೂರಿಂಗ್ ಗೇಟು ಮುಚ್ಚಿಬಿಡ್ತಾರೆ, ನಿಮ್ಮ ಲೋಡೇ ಇಳಿಯಲ್ಲ. ನಷ್ಟ ನಿಮಗೇ."

ಅವರು ಹೇಳಿದ್ದು ನಿಜವಾಗಿತ್ತು. ಅಪ್ಪ ಚಕ್ರಕ್ಕೆ ಒರಗಿ ಕೂತು ನನ್ನ ಉತ್ತರಕ್ಕೆ ಕಾದ. ಅಲ್ಲಿಯವರೆಗೆ ನಾನು ಕೇಳುತ್ತ ಬಂದದ್ದು ಕಂಬಿ ಹಾಕಿಸಿದ್ದು ಯಾರೆಂದು. ಅದಕ್ಕೆ ಈ ಮನುಷ್ಯನಲ್ಲಿ ಉತ್ತರವಿಲ್ಲ, ಇರುವುದೂ ಇಲ್ಲ.

"ಸರ್," ಎಂದೆ, "ಇದನ್ನು ಏರಿಸಿದರೆ ಮುಂದಿನ ವಾರ ನಿಮ್ಮ ಟ್ಯಾಂಕರ್ ಮತ್ತೆ ಹೊರಗೆ ನಿಲ್ಲುತ್ತದೆ. ನಿಮಗೂ ಗೊತ್ತು. ಮೇಲಿನವರನ್ನು ಬಿಡಿ. ಇವತ್ತು ಇಲ್ಲಿ ನಿಂತಿರುವವರು ನೀವು. ಇಲ್ಲಿ ಲಾರಿ ನಿಲ್ಲಿಸಬಹುದೋ ಬಾರದೋ, ನಿಮ್ಮ ಬಾಯಲ್ಲಿ ಹೇಳಿ. ಬೇಡವೆಂದರೆ ಅಪ್ಪನಿಗೆ ಏನಾದರೂ ಆದ ದಿನ ನಾನು ನಿಮ್ಮ ಹೆಸರು ಹೇಳುತ್ತೇನೆ. ಸರಿ ಎಂದರೂ ನಿಮ್ಮ ಹೆಸರನ್ನೇ ಹೇಳುತ್ತೇನೆ."

ಅವರು ಮೇಸ್ತ್ರಿಯ ಕಡೆ ನೋಡಿದರು. ಮೇಸ್ತ್ರಿ ಬೋಲ್ಟುಗಳ ಕಡೆ ನೋಡಿದ. ದಿಬ್ಬದ ಮೇಲಿನಿಂದ ಕಾವಲುಗಾರ, ನಮ್ಮನ್ನು ಮೊದಲ ದಿನ ಓಡಿಸಿದವನೇ, ಕೂಗಿ ಹೇಳಿದ: "ಸರ್, ಇಲ್ಲಿ ನೀರಿನ ತೊಟ್ಟಿ ಅರ್ಧ ಖಾಲಿ!"

"ನಿಲ್ಲಿಸ್ಲಿ," ಎಂದರು ಎಂಜಿನಿಯರ್. ತುಸು ತಡೆದು, ಸಿಟ್ಟಿನಿಂದಲೇ ಎಂಬಂತೆ, "ನಾನು ಹೇಳಿದೆ ಅಂತ ಹೇಳಿ, ನಿಲ್ಲಿಸ್ಲಿ," ಎಂದರು. ಕಂಬಿಯನ್ನು ಜೀಪಿನ ಮೇಲೆ ಕಟ್ಟಲು ಕೆಲಸದವರಿಗೆ ಸೂಚಿಸಿದರು. ಅದು ಜೀಪಿಗಿಂತ ಉದ್ದವಿತ್ತು. ಲಾರಿಯಲ್ಲಿ ಹಾಕಿಕೊಂಡು ಹೋಗುತ್ತೀರಾ ಎಂದು ಮೇಸ್ತ್ರಿ ಅಪ್ಪನನ್ನು ಕೇಳಿದ.

ಅದು ತೊಲಗಿದರೆ ಸಾಕೆಂದಿದ್ದ ನಾನು ಹೂಂ ಎನ್ನುವವಳಿದ್ದೆ. ಅಪ್ಪ ತಲೆಯಾಡಿಸಿದ. "ಬೇಡ ಮಾರಾಯ. ನಾನು ತಗಂಡು ಹೋದ್ರೆ ಲಾರಿಯವ ಕದ್ದ ಅಂತಾಗುತ್ತೆ. ನೀವೇ ತಂದಿದ್ದು, ನೀವೇ ಹೊತ್ಕಂಡು ಹೋಗಿ. ಹಗಲಲ್ಲೇ ಹೋಗಿ, ನಾಲ್ಕು ಜನ ನೋಡ್ಲಿ."

ಅವರು ಅದರ ಎರಡೂ ತುದಿಗಳು ಜೀಪಿನಿಂದ ಚಾಚಿಕೊಂಡಿದ್ದಂತೆಯೇ ಕಟ್ಟಿಕೊಂಡು ಹೋದರು. ತಿರುವಿನಲ್ಲಿ ಎದುರಿಗೆ ಬಂದ ಕಾರೊಂದು ದಾರಿ ಬಿಡಲು ಹಿಂದಕ್ಕೆ ಸರಿಯಬೇಕಾಯಿತು.

'ಲಾರಿಗಳಿಗೆ ನಿಲುಗಡೆ' ಎಂಬ ಫಲಕವನ್ನು ಇಂದಿಗೂ ಯಾರೂ ಹಾಕಿಲ್ಲ. ಬಾಯಿಮಾತು ಎಂಜಿನಿಯರ್ ವರ್ಗವಾಗಿ ಹೋಗುವವರೆಗೆ ಮಾತ್ರ ಬಾಳುತ್ತದೆಂದು ನಮಗೆ ಗೊತ್ತಿದೆ. ಆದ್ದರಿಂದ ಫಲಕಕ್ಕಾಗಿ ನಾನು ಮತ್ತೆ ಅರ್ಜಿ ಹಾಕಿದ್ದೇನೆ, ಈ ಸಲ ಅನುಮತಿ ಕೊಟ್ಟವರ ಹೆಸರನ್ನೂ ಹುದ್ದೆಯನ್ನೂ ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ. ಉತ್ತರ ಬರುವವರೆಗೆ ಹೊಸ ಹಂಗಾಮಿನ ಲಾರಿಗಳು ಹಳೆಯ ಕ್ರಮವನ್ನೇ ಹಿಡಿದಿವೆ. ಹಗ್ಗ ಬಿಗಿದಾದ ಮೇಲೂ ಇನ್ನೊಬ್ಬ ಬಾರದೆ ಯಾರೂ ಏಳುವುದಿಲ್ಲ. ನಿನ್ನೆ ಅಪ್ಪ ಅಲ್ಲಿ ಕಾಯುತ್ತಿದ್ದಾಗ ಮೇಲಿನಿಂದ ಇಳಿದದ್ದು ಅಡಿಕೆ ಹೇರಿದ ಲಾರಿ. ನಮ್ಮ ಕಟ್ಟಳೆ ಕಾಫಿಯವರದು, ಅಡಿಕೆಯವನಿಗೆ ಅದು ಗೊತ್ತಿಲ್ಲ. ಅಪ್ಪ ಅವನ ಕಿಟಕಿಯ ಬಳಿ ಹೋಗಿ, ಏನು ಎತ್ತ ಎಂದು ಮೊದಲಿನಿಂದ ವಿವರಿಸತೊಡಗಿದ.